ತೊಡೆ ತಟ್ಟಿದ್ದಕ್ಕೆ ಗುದ್ದಿದ ಟಗರಿಗೆ

ನಮ್ಮ ಕೊಟ್ಟಿಗೆ ಪಕ್ಕದ ಗೂಟದಲ್ಲಿ ವಿರಾಜಮಾನರಾಗಿರುವ ಮಾನ್ಯ ಭೀಮ ಟಗರಿನವರ ದಿವ್ಯ ಕೊಂಬುಗಳಿಗೆ ನಮಸ್ಕಾರಗಳು.

ಮಾನ್ಯರೇ, ಜಗಳೂರು ಸೀಮೆಯಲ್ಲಿ ಕಾಳಗದ ಟಗರು ಪಳಗಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ತಾನೇ ಸಾರಿಕೊಂಡು ತಿರುಗುವ ತಿಪ್ಪೇಶಪ್ಪನಾದ ನಾನು, ಊರ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಜೋಡಿಸಿ, ಕೂರಲಾಗದ ಕಾರಣ ನಿಂತುಕೊಂಡೇ ಬರೆಯುತ್ತಿರುವ ದೂರು ಇದು.

ಲಾಕ್‌ಡೌನ್ ಬಂದು ನ್ಯಾಮತಿಯ ಹಾಸ್ಟೆಲ್ ಮುಚ್ಚಿದ ಮೇಲೆ ನಮ್ಮಣ್ಣನ ಮಗಳು ಚೈತ್ರಶ್ರೀ ಊರಿಗೆ ಬಂದಿದ್ದು ತಮಗೆ ಗೊತ್ತೇ ಐತೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಂದಕ್ಕೆ ಹೋಯಿತು. ಗೆಳತಿಯರು ಹೊನ್ನಾಳಿ, ಚನ್ನಗಿರಿ ಅಂತ ಚದುರಿದರು. ಮೊದಮೊದಲು ಸಿಗ್ನಲ್ಲಿಗಾಗಿ ಮಾಳಿಗೆ ಹತ್ತುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮಾತಿಲ್ಲ, ಊಟವಿಲ್ಲ. ಅತ್ತಿಗೆ ಓಬವ್ವ ಒಲೆ ಮುಂದೆ ಕಣ್ಣೊರೆಸಿಕೊಂಡು ತಪ್ಪನ್ನು ಹೊಗೆಯ ಮೇಲೆ ಹಾಕುತ್ತಿದ್ದರು.

ನಾನಿರುವಾಗ ಚಿಂತೆ ಯಾಕೆ ಎಂದು ಧೈರ್ಯ ತುಂಬುವ ಗುತ್ತಿಗೆ ಹಿಡಿದೆ. ನಮ್ಮ ಕಾಲದ ಕಷ್ಟಗಳನ್ನೆಲ್ಲ ಹೇಳಿದೆ, ಚಿರತೆಯನ್ನು ಬರೀ ಕೆಮ್ಮಿ ಓಡಿಸಿದ್ದನ್ನೂ ಹೇಳಿದೆ. ಹೇಳಿದಷ್ಟೂ ಅವಳು ಹೊದಿಕೆಯನ್ನು ಮೇಲಕ್ಕೆ ಎಳೆದುಕೊಂಡಳು; ಅದನ್ನು ನಾನು ಭಕ್ತಿ ಎಂದುಕೊಂಡೆ.

ಮೊನ್ನೆ ಅತ್ತಿಗೆ ಅವಳನ್ನು ಎಳೆದು ತಂದು ಅಂಗಳದ ಬಿಸಿಲಿಗೆ ಕೂರಿಸಿದರು. ತಮಗೆ ಬೆನ್ನು ಹಾಕಿ ನಿಂತು ಉಪದೇಶದ ತುದಿಗೆ ಬಂದ ನಾನು, ನಿನ್ನ ಚಿಕ್ಕಪ್ಪ ಯಾರಿಗೂ ಬಗ್ಗಿದವನಲ್ಲ ಎಂದು ತೊಡೆ ತಟ್ಟಿದೆ. ತೊಡೆ ತಟ್ಟಿದರೆ ನುಗ್ಗಬೇಕೆಂದು ತಮಗೆ ಕಲಿಸಿದವನೂ ನಾನೇ. ಕಾಳಗಗಳೆಲ್ಲ ನಿಂತು ಬೇಸತ್ತಿದ್ದ ತಾವು ಗೂಟವನ್ನೇ ಕಿತ್ತುಕೊಂಡು ಬಂದು ಗುರುವಿನ ಹಿಂಭಾಗಕ್ಕೆ ವಂದಿಸಿದ ವೇಗಕ್ಕೆ, ನಾನು ತಿಪ್ಪೆಯಲ್ಲಿ ತಲೆಕೆಳಗಾದೆ. ಕಲಿಸಿದ್ದನ್ನು ಇಷ್ಟು ನೆನಪಿಟ್ಟುಕೊಂಡ ಶಿಷ್ಯ ನನಗೆ ಇನ್ನೊಬ್ಬನಿಲ್ಲ.

ಚೈತ್ರಶ್ರೀ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, ಅದೇ ಉಸಿರಲ್ಲಿ ಅತ್ತಳು. ಅವ್ವನ ಮಡಿಲಲ್ಲಿ ಮುಖವಿಟ್ಟು, “ಓದಿದ್ದೆಲ್ಲಾ ಮರ್ತೋಗೈತೆ ಕಣವ್ವ, ಗೆಳತೀರ ದನೀನೂ ಮರೀತಾ ಐತೆ. ಭಯ ಆಗ್ತೈತೆ” ಎಂದಳು. ಇದಕ್ಕೂ ನನ್ನ ಬಳಿ ಒಂದು ಉಪದೇಶವಿತ್ತು. ಬಾಯಿ ತುಂಬ ಗೊಬ್ಬರವಿದ್ದುದರಿಂದ ಸುಮ್ಮನಿದ್ದೆ. ಆದ್ದರಿಂದ ಅವಳು ಪೂರ್ತಿ ಹೇಳಿ ಮುಗಿಸಿದಳು. ಅವತ್ತು ಸಂಜೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಶಾಲೆ ತೆರೆಯುವವರೆಗೆ ಮನೆಯ ಉಪದೇಶಕನ ಹುದ್ದೆಯನ್ನು ತಾವೇ ವಹಿಸಿಕೊಳ್ಳಬೇಕು, ನಾನು ಬಾಯಿ ತೆರೆದ ಕೂಡಲೇ ಕೊಂಬು ತಗ್ಗಿಸಬೇಕು, ಮತ್ತು ನನ್ನ ಹಾಗೆ ಮಕ್ಕಳಿಗೆ ಧೈರ್ಯ ತುಂಬುತ್ತಿರುವ ತಾಲ್ಲೂಕಿನ ಸಮಸ್ತ ಚಿಕ್ಕಪ್ಪ, ದೊಡ್ಡಪ್ಪ, ಮಾವಂದಿರ ಮನೆಗೂ ಒಮ್ಮೆ ದಯಮಾಡಿಸಬೇಕು. ಓಡಾಟದ ಪಾಸು ನಾನು ಮಾಡಿಸಿಕೊಡುತ್ತೇನೆ.

ಸದ್ಯ ಬೋರಲು ಮಲಗುತ್ತಿರುವ,
ತಮ್ಮ ವಿಶ್ವಾಸಿ,
ತಿಪ್ಪೇಶಪ್ಪ

ತಾ.ಕ.: ಇವತ್ತು ಬೆಳಿಗ್ಗೆ ಹುಡುಗಿ ತಾನಾಗಿಯೇ ಅಂಗಳಕ್ಕೆ ಬಂದು ಕೂತು, “ಚಿಕ್ಕಪ್ಪ, ಇನ್ನೊಂದ್ಸಲ ತೊಡೆ ತಟ್ರಿ” ಎಂದಳು. ತಮಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ತಟ್ಟಿದೆ. ತಾವು ಹುರುಳಿ ಮೆಲ್ಲುತ್ತ ಮುಖ ತಿರುಗಿಸಿಕೊಂಡಿರಂತೆ. ನಾಳೆಯೂ ಹೀಗೆ ನನ್ನ ಮರ್ಯಾದೆ ಉಳಿಸಿದರೆ ಹುರುಳಿ ಬಂದ್.