ಈ ಫೋಟೋದಲ್ಲಿ ಯಾರಿದ್ದಾರೆ?

ಈ ಸಲದ ದಸರಾಕ್ಕೆ ಮೈಸೂರಿನಲ್ಲಿ ನಡೆಯುವ ನಿಸರ್ಗ ಫೋಟೋ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತನ್ನದೇ ಎಂದು ಚನ್ನಬಸವಣ್ಣ ಘೋರ ಶಪಥ ಮಾಡಿದ್ದು ೧೯೯೮ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡು. ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಳುಗುವ ಸೂರ್ಯನನ್ನೇ ಹಿಡಿದು ಡಬ್ಬಿಯೊಳಗೆ ಹಾಕುವ ಗಂಡಸು ಯಾರಿದ್ದಾನೆ, ತನ್ನನ್ನು ಬಿಟ್ಟು!

"ಮೊದ್ಲು ಬಾಯಿ ತೊಳ್ಕಳಿ. ನೊರೆ ಅಂಗಿ ಮೇಲೆ ಬೀಳ್ತಾ ಅದೆ" ಎಂದಳು ಹೆಂಡತಿ ಪ್ರಮೀಳಾ.

ಕಲಾವಿದನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಊರಿನಲ್ಲಿ ಸಿಗುವುದು ಇನ್ನೂ ಕಡಿಮೆ. ಮೈಸೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾವನ್ನೂ ಮೊಣಕೈ ಉದ್ದದ ಜೂಮ್ ಲೆನ್ಸನ್ನೂ ಕೊಂಡು ತಂದಾಗಿನಿಂದ ಎರಡು ವರ್ಷ ಅವನು ಆಕಾಶವನ್ನು ಬಿಟ್ಟು ಬೇರೇನನ್ನೂ ತೆಗೆದಿರಲಿಲ್ಲ. ಆಲ್ಬಮ್ ಕೈಗೆ ಕೊಟ್ಟರೆ ಎಲ್ಲರದೂ ಒಂದೇ ಪ್ರಶ್ನೆ.

"ಇದ್ರಾಗೆ ಯಾರವ್ರೆ?"

"ಯಾರೂ ಇಲ್ಲ. ಆಕಾಶ."

"ಆಕಾಶ ಕಾಣ್ತದಪ್ಪ. ಮನುಷ್ಯರು ಯಾರವ್ರೆ ಅಂತ ಕೇಳಿದ್ದು."

ಪಕ್ಕದ ಮನೆಯ ಶಿವರುದ್ರಮ್ಮನಂತೂ ಫೋಟೋವನ್ನು ತಿರುಗಿಸಿ, ಮನುಷ್ಯರು ಹಿಂಭಾಗದಲ್ಲೇನಾದರೂ ಇದ್ದಾರೆಯೇ ಎಂದು ನೋಡಿದ್ದರು! ಹೊಲದ ಕೆಲಸಕ್ಕೆ ಬರುವ ಕುಳ್ಳಯ್ಯ ಇನ್ನೂ ಒಂದು ಹೆಜ್ಜೆ ಮುಂದೆ. "ರೋಲು ಮುಗ್ಸಕೆ ಅಂತ ಒಡ್ದಿದ್ದಾ ಅಣ್ಣೋ?" ಎಂದು ಕೇಳಿದ್ದ. ಆ ಮಾತಿಗೆ ಚನ್ನಬಸವಣ್ಣ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕುಳ್ಳಯ್ಯ ಮಾತ್ರ ಚೆನ್ನಾಗಿಯೇ ಉಂಡಿದ್ದ.

ಆ ವಾರ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಬ್ಯಾರನ್ ಎಂದರೆ ಎತ್ತರದ ನಾಲ್ಕು ಗೋಡೆಯ ಕೋಣೆ. ಕಡ್ಡಿಗೆ ಕಟ್ಟಿದ ಎಲೆಗಳನ್ನು ಒಳಗೆ ಸಾಲು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಕೆಳಗಿನ ಕಬ್ಬಿಣದ ಕೊಳವೆಗಳಲ್ಲಿ ಬಿಸಿ ಹರಿಸುತ್ತಾರೆ. ಐದನೆಯ ದಿನ ಎಲೆ ಹಪ್ಪಳದಂತಾಗಿರುತ್ತದೆ. ಕಾವು ಮಿತಿ ಮೀರಿ, ಒಂದು ಎಲೆ ಕೊಳವೆಯ ಮೇಲೆ ಉದುರಿದರೂ ಸಾಕು, ಎಲ್ಲ ಭಸ್ಮ! ಅಂದು ಐದನೆಯ ದಿನ. ಒಳಗಿದ್ದದ್ದು ಆ ವರ್ಷದ ಅತ್ಯುತ್ತಮ ಎಲೆ, ಸೊಂಟ ನೋವನ್ನೂ ಲೆಕ್ಕಿಸದೆ ಪ್ರಮೀಳಾ ಕಟ್ಟಿದ್ದು. ಒಲೆ ನೋಡಿಕೊಳ್ಳುವ ಕುಳ್ಳಯ್ಯ ಮಗಳನ್ನು ನೋಡಲು ಹಾರನಹಳ್ಳಿಗೆ ಹೋಗಿದ್ದ.

"ರೀ, ಡೈರಿಗೆ ಹಾಲು ಹಾಕ್ಬುಟ್ಟು ಬತ್ತೀನಿ. ಒಲೆ ಮುಂದಿಂದ ಏಳ್ಬೇಡಿ."

"ನಂಗೇ ಹೇಳ್ಕೊಡ್ತೀಯಾ? ನಾನು ಹುಟ್ಟಿ ಬೆಳ್ದಿದ್ದೇ ಬ್ಯಾರನ್ ಪಕ್ಕದಾಗೆ ಕಣೇ!"

"ನಿಮ್ಮನ್ನ ನೋಡಿದೀನಲ್ಲ, ಅದ್ಕೇ ಹೇಳಿದ್ದು" ಎಂದು ಪ್ರಮೀಳಾ ಕ್ಯಾನು ಎತ್ತಿಕೊಂಡು ಹೋದಳು.

ಚನ್ನಬಸವಣ್ಣ ತಲೆ ಎತ್ತಿದ. ಪಡುವಣದಲ್ಲಿ ಮೋಡಗಳು ಒಂದರ ಮೇಲೊಂದು ಬಂಗಾರದ ಗೋಪುರ ಕಟ್ಟುತ್ತಿದ್ದವು. ಇಂಥ ಆಕಾಶವನ್ನು ಬಿಟ್ಟು ಬೂದಿ ಕೆದಕುತ್ತಾ ಕೂರಲು ತಾನೇನು ಮನುಷ್ಯನೋ, ಮರದ ಕೊರಡೋ? ಅವನಿಗೆ ಒಂದು ಮಹಾ ಉಪಾಯ ಹೊಳೆಯಿತು. ಒಂದು ಗಂಟೆಗೆ ಬೇಕಾದ ಸೌದೆಯನ್ನೆಲ್ಲ ಒಟ್ಟಿಗೇ ಒಲೆಗೆ ತುರುಕಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಊರಾಚೆಯ ಮೂಡಣ ದಿಬ್ಬ ಹತ್ತಿದ.

ಹತ್ತಿ ನೋಡಿದರೆ ಮೋಡವೇ ಮಾಯ! ಚನ್ನಬಸವಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಹೊತ್ತು ಮೆರೆಯುತ್ತಿದ್ದ ಮೋಡಗಳಿಗೆ ಕ್ಯಾಮೆರಾ ಕಂಡೊಡನೆ ಏನು ಬಂತು? ಊರಿನ ಜನರ ಹಾಗೆ ಈ ಆಕಾಶಕ್ಕೂ ಕಲೆಯೆಂದರೆ ಅಸಡ್ಡೆಯೇ?

ಅಷ್ಟರಲ್ಲಿ ನೀಲಗಿರಿ ತೋಪಿನ ಹಿಂದಿನಿಂದ ಒಂದು ಮೋಡ ಎದ್ದಿತು. ಎಂಥ ಮೋಡ! ಬುಡದಲ್ಲಿ ಕಪ್ಪು, ನಡುವೆ ಕೆಂಪು, ಅಂಚಿನಲ್ಲಿ ಕೇಸರಿ. ನೆಲದಿಂದಲೇ ಎದ್ದು ಸೂರ್ಯನ ಮುಖಕ್ಕೆ ಸೆರಗು ಹಾಕಿತು. ಹೊಗೆಸೊಪ್ಪಿನ ವಾಸನೆಯೂ ಮೂಗಿಗೆ ಬಡಿಯಿತು. ಆ ತಿಂಗಳಲ್ಲಿ ಸೀಮೆಗೆ ಸೀಮೆಯೇ ಹೊಗೆಸೊಪ್ಪಿನ ವಾಸನೆ ಬರುವುದರಿಂದ ಅವನು ಅದನ್ನು ಲೆಕ್ಕಕ್ಕಿಡಲಿಲ್ಲ. ಕ್ಲಿಕ್! ಕ್ಲಿಕ್!

ಆಮೇಲೆ ಬಂದದ್ದು ಭಾಗ್ಯವೇ ಸರಿ. ಬದುವಿನ ಮೇಲೆ ನಾಲ್ಕಾರು ಹೆಂಗಸರು ಬಿಂದಿಗೆ ಹೊತ್ತು ಕಾಣಿಸಿಕೊಂಡರು. ಕೆಂಪು ಆಕಾಶದ ಮುಂದೆ ಕಪ್ಪು ನೆರಳುಗಳು! ಮನುಷ್ಯರು ಬೇಕು ಎನ್ನುತ್ತಿದ್ದಿರಲ್ಲ, ತಗೊಳ್ಳಿ ಮನುಷ್ಯರನ್ನು! ಆದರೆ ಆ ಹೆಂಗಸರು ಓಡುತ್ತಿದ್ದರು. ಸಂಜೆ ನೀರು ತರುವುದಕ್ಕೆ ಯಾರಾದರೂ ಓಡುತ್ತಾರೆಯೇ? ಸೌಂದರ್ಯದ ಗಂಧಗಾಳಿ ಇಲ್ಲದ ಜನ! ಸಾಲದ್ದಕ್ಕೆ ಮುಂದಿದ್ದವಳು ದಿಬ್ಬದ ಕಡೆ ತಿರುಗಿ, ಬಿಂದಿಗೆ ಕೆಳಗಿಟ್ಟು, ಫೋಟೋ ಹುಚ್ಚು ಹಿಡಿದವಳಂತೆ ಎರಡೂ ಕೈ ಬೀಸತೊಡಗಿದಳು.

"ಕೈ ಇಳಿಸಮ್ಮಾ!" ಎಂದು ಚನ್ನಬಸವಣ್ಣ ಗಂಟಲು ಹರಿಯುವ ಹಾಗೆ ಕೂಗಿದ. "ನಿಧಾನಕ್ಕೆ ನಡೀರಿ! ನ್ಯಾಚುರಲ್ಲಾಗಿರಿ!"

ಅವಳು ಇನ್ನೂ ಜೋರಾಗಿ ಬೀಸಿದಳು. ಅವನು ಹಲ್ಲು ಕಚ್ಚಿಕೊಂಡು ಕೊನೆಯ ಫೋಟೋವನ್ನು ಹಾಗೆಯೇ ಹೊಡೆದ. ಅದೇ ಹೊತ್ತಿಗೆ ಹಾರನಹಳ್ಳಿ ಬಸ್ಸಿಳಿದ ಕುಳ್ಳಯ್ಯ ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದು ಎದುರಿಗೆ ನಿಂತ.

"ಸರ್ಕಳಲಾ, ಅಡ್ಡ ಬತ್ತಿದೀಯ!"

"ಅಯ್ಯೋ ಅಣ್ಣೋ, ಉರೀತಿರೋದು ನಿಮ್ ಬ್ಯಾರನ್ನು ಕಣ್ರೀ!"

ಆಗ ಚನ್ನಬಸವಣ್ಣ ಮೊದಲ ಬಾರಿಗೆ ಕ್ಯಾಮೆರಾದಿಂದ ಕಣ್ಣು ತೆಗೆದು, ದೇವರು ಕೊಟ್ಟ ಕಣ್ಣಿನಿಂದ ನೋಡಿದ.

ಅವನು ಬಿದ್ದು ಎದ್ದು ಓಡಿ ಮುಟ್ಟುವಷ್ಟರಲ್ಲಿ ಬ್ಯಾರನ್‌ನ ಮಾಡು ಕುಸಿದಿತ್ತು. ದನದ ಕೊಟ್ಟಿಗೆಯನ್ನು ಹೆಂಗಸರು ನೀರು ಹುಯ್ದು ಉಳಿಸಿದ್ದರು. ಎಲೆ ಒಂದೂ ಉಳಿದಿರಲಿಲ್ಲ. ಪ್ರಮೀಳಾ ಮಸಿ ಮುಖದಲ್ಲಿ, ಒದ್ದೆ ಸೀರೆಯಲ್ಲಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ಬೈಯಲಿಲ್ಲ. ಅವನ ಕೊರಳಿನಲ್ಲಿದ್ದ ಕ್ಯಾಮೆರಾವನ್ನೇ ನೋಡಿದಳು.

"ಚೆನ್ನಾಗ್ ಬಂತಾ?" ಎಂದಳು.

ಹೂಂ ಎನ್ನಲು ಬಾಯಿ ತೆರೆದಿದ್ದ. ಪುಣ್ಯಕ್ಕೆ ಹೊಗೆ ಹೋಗಿ ಕೆಮ್ಮು ಬಂತು.

ರೋಲು ತೊಳೆಸಿದಾಗ ನೋಡಿದರೆ, ಅವನ ಹೊಟ್ಟೆ ಉರಿಸಲೆಂದೇ ಬಂದ ಹಾಗೆ, ಆ ಕೊನೆಯ ಫೋಟೋ ಅದ್ಭುತವಾಗಿತ್ತು! ಬಹುಮಾನ ಕಟ್ಟಿಟ್ಟದ್ದೇ. ಸ್ಪರ್ಧೆಗೆ ಕಳಿಸಲು ಮಾತ್ರ ಅವನಿಗೆ ಮುಖವಿರಲಿಲ್ಲ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ಅವನು ಊಟಕ್ಕೆ ಕೂರುವ ಜಾಗದ ಎದುರಿಗೇ ಮೊಳೆ ಹೊಡೆದು ನೇತುಹಾಕಿದವಳು ಪ್ರಮೀಳಾ.

ಒಂದು ದಿನ ಶಿವರುದ್ರಮ್ಮ ಮಜ್ಜಿಗೆಗೆಂದು ಬಂದವರು ಫೋಟೋದ ಮುಂದೆ ನಿಂತರು. ಚನ್ನಬಸವಣ್ಣ ಮುದ್ದೆ ಮುರಿಯುತ್ತಿದ್ದವನು ತಟ್ಟೆಯೊಳಗೇ ಮುಖ ಇಟ್ಟ.

"ಯವ್ವಾ, ಏನ್ ಚೆಂದಾಗದೆ! ಇದ್ರಾಗೆ ಯಾರವ್ರೆ?"

ಪ್ರಮೀಳಾ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ನಾನಿದೀನಿ ಕಣವ್ವ" ಎಂದಳು. "ಇರ್ಬೇಕಾಗಿದ್ದೋರು ಇಲ್ಲ."