ಕೊಮಿಯೆರೊನ್ ಅಂದರೆ ಉಂಡರು

ಐವತ್ತೆಂಟನೇ ಇಸವಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಹಳೇ ಪುಸ್ತಕದಂಗಡಿಯಿಂದ ಚಿನ್ನದ ಗಣಿಯ ಗುಮಾಸ್ತ ಕೋದಂಡಪ್ಪ ಒಂದು ಸ್ಪ್ಯಾನಿಷ್ ಪಾಠದ ಪುಸ್ತಕ ತಂದ. ಅಚ್ಚಾದದ್ದು ಸ್ಪೇನ್ ದೇಶದಲ್ಲಿ. ಭೂತಕಾಲದ ಪಾಠ ಮುಗಿಯುವಷ್ಟರಲ್ಲೇ, ಸ್ಪ್ಯಾನಿಷ್ ತನಗೆ ನೀರು ಕುಡಿದಷ್ಟು ಸಲೀಸು ಎಂದು ಗಣಿ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಅಷ್ಟರಲ್ಲಿ ಗಣಿ ನೋಡಲು ಮೆಕ್ಸಿಕೋದಿಂದ ಮೂವರು ಎಂಜಿನಿಯರುಗಳು ಬಂದರು. ಮ್ಯಾನೇಜರ್ ಶ್ರೀರಾಮಪ್ಪನವರು ದುಭಾಷಿಯೆಂದು ಇವನನ್ನೇ ಬಂಗಾರಪೇಟೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರು.

ರೈಲಿಳಿದವರ ಮುಖ ಬಿಸಿಲಿಗಿಟ್ಟ ಸೊಪ್ಪಿನಂತೆ ಬಾಡಿತ್ತು.

"ಊಟ ಆಯ್ತಾ ಕೇಳ್ರೀ. ಆಫೀಸಲ್ಲಿ ಬಿರಿಯಾನಿ ಮಾಡ್ಸಿದೀನಿ" ಎಂದರು ಶ್ರೀರಾಮಪ್ಪನವರು.

ಕೋದಂಡಪ್ಪ ಎದೆಯುಬ್ಬಿಸಿ "ಆಬೇಯಿಸ್ ಕೊಮಿದೊ?" ಎಂದ. ನೀವೆಲ್ಲ ಉಂಡಿದ್ದೀರಾ ಎಂದರ್ಥ. ಆದರೆ ಆ ಬಹುವಚನ ನಡೆಯುವುದು ಸ್ಪೇನಿನಲ್ಲಿ. ಮೆಕ್ಸಿಕೋದಲ್ಲಿ ಯಾರೂ ಹಾಗೆ ಆಡುವುದಿಲ್ಲ. ಅತಿಥಿಗಳು, ಸಂತೆಯಲ್ಲಿ ಕಿರೀಟ ತೊಟ್ಟವನನ್ನು ಕಂಡಂತೆ ಮುಖಮುಖ ನೋಡಿಕೊಂಡರು. ಹಿರಿಯನು ಮರ್ಯಾದೆಗೆ, "ನೀವೆಲ್ಲ ಉಂಡಿರಾ?" ಎಂದು ತಮ್ಮ ಕಡೆಯ ರೀತಿಯಲ್ಲಿ ತಿರುಗಿ ಕೇಳಿದ: "ಯಾ ಕೊಮಿಯೆರೊನ್?"

ಕೋದಂಡಪ್ಪನ ಪುಸ್ತಕದ ಪ್ರಕಾರ ಅದಕ್ಕೆ 'ಅವರು ಆಗಲೇ ಉಂಡರು' ಎಂದರ್ಥ.

"ಉಂಡಾಯ್ತಂತೆ ಸಾರ್."

ಶ್ರೀರಾಮಪ್ಪನವರು ಸ್ಟೇಷನ್ನಿಂದಲೇ ಫೋನ್ ಮಾಡಿ ಬಿರಿಯಾನಿಯನ್ನು ಆಫೀಸಿನವರಿಗೆ ಬಡಿಸಲು ಹೇಳಿಬಿಟ್ಟರು.

ಚಾಂಪಿಯನ್ ರೀಫ್ಸ್ ಗಣಿಯ ಆಫೀಸು ತಲುಪಿದಾಗ ಅಲ್ಲಿಯವರೆಲ್ಲ ಉಂಡು ಕೈ ತೊಳೆಯುತ್ತಿದ್ದರು. ಘಮಲಿಗೆ ಮೂಗರಳಿಸಿದ ಹಿರಿಯ ಹೊಟ್ಟೆ ಮುಟ್ಟಿಕೊಂಡು ಮತ್ತೆ "ಕೊಮಿಯೆರೊನ್?" ಎಂದ.

"ಏನಂತ್ರೀ?"

"ಉಂಡರಂತೆ ಸಾರ್. ಜಾಸ್ತೀನೇ ಆಗಿರ್ಬೇಕು, ಹೊಟ್ಟೆ ಹಿಡ್ಕೊಂಡವ್ರೆ."

ಅಡಿಗೆಯ ಪೆರುಮಾಳ್ ಅಜೀರ್ಣಕ್ಕೆಂದು ಓಮದ ಕಷಾಯ ತಂದ. ಮೂವರೂ ಮರ್ಯಾದೆಯಿಂದ ಕುಡಿದರು. ಕಷಾಯ ಹೊಟ್ಟೆಯಲ್ಲಿದ್ದ ಚೂರುಪಾರನ್ನೂ ಕರಗಿಸಿತು. ಗಣಿಗಿಳಿಯುವ ಶಾಫ್ಟಿನ ಬಾಯಿ ಹತ್ತಿರ ಹಿರಿಯ ಕಣ್ಣು ಕತ್ತಲೆ ಬಂದು ಕುಸಿದ.

ಪೆರುಮಾಳ್ ಅವನ ಹೊಟ್ಟೆಗೆ ಕಿವಿಯಿಟ್ಟ. "ತುಂಬಿದ್ ಒಟ್ಟೆ ಇಂಗ್ ಕೂಗ್ತದಾ ಸಾಮಿ?"

ಕೋದಂಡಪ್ಪ "ಸಾರ್, ತಪ್ಪಾಯ್ತು! ನಂಗೆ ಸ್ಪ್ಯಾನಿಷ್ ಬರಲ್ಲ!" ಎಂದು ಕೈಮುಗಿದು, ಗಾಬರಿಯಲ್ಲಿ ಇಂಗ್ಲಿಷಿನಲ್ಲೂ ಅದನ್ನೇ ಅರಚಿದ.

ಹಿರಿಯ ತಟ್ಟನೆ ಎದ್ದು ಕೂತು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದ: "ಬದುಕಿದೆವು! ನಾವು ಲಂಡನ್ನಿನಲ್ಲಿ ಓದಿದವರು. ನಿಮ್ಮ ಗುಮಾಸ್ತರು ಅಷ್ಟು ಹುರುಪಿನಿಂದ ಮಾತಾಡುತ್ತಿದ್ದರು, ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆವು. ತಿನ್ನಲು ಏನಾದರೂ ಇದೆಯೇ?"

ಉಳಿದದ್ದು ಕೋದಂಡಪ್ಪನ ಡಬ್ಬಿಯೊಂದೇ. ರಾಗಿಮುದ್ದೆ, ಹುರುಳಿ ಸಾರು. ಬೆರಳು ಚೀಪುತ್ತ ಮೂವರೂ ಹಂಚಿಕೊಂಡು ತಿಂದರು. ಇಂಥ ರುಚಿ ಕಂಡಿಲ್ಲವೆಂದರು. ಬಿರಿಯಾನಿಯೂ ಸಿಗದೆ, ಮುದ್ದೆಯೂ ಇಲ್ಲದೆ ಕೋದಂಡಪ್ಪ ನೋಡುತ್ತ ನಿಂತ.

ಶ್ರೀರಾಮಪ್ಪನವರು ಹತ್ತಿರ ಬಂದು ತಣ್ಣಗೆ ಹೇಳಿದರು: "ಇವರು ಇರೋವರೆಗೂ ಎರಡು ಹೊತ್ತಿನ ಊಟ ನಿಮ್ಮನೇಲೇ. ಹೋಗಿ ನಿಮ್ಮ ಹೆಂಡತಿಗೆ ಹೇಳಿ. ಕನ್ನಡದಲ್ಲೇ ಹೇಳ್ರೀ!"