ಭಂತೇಜಿಯ ಊಟದ ಹೊತ್ತು

ಬೇಳೆ ಬೇಯಲಿಲ್ಲ. ಹರಿಬಾನ ಸಂಕಟವೆಲ್ಲ ಅಲ್ಲಿಂದ ಸುರುವಾಯಿತು.

ಮುಚ್ಚಂಡಿ ಊರಿನ ಬುದ್ಧವಿಹಾರದಲ್ಲಿ ಅಂದು ಹುಣ್ಣಿಮೆಯ ಊಟ. ಓಣಿಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ಶಾಕಾಹಾರದ ಅಡುಗೆಯನ್ನು ಹರಿಬಾ ತಾನೇ ಮುಂದೆ ಬಿದ್ದು ವಹಿಸಿಕೊಂಡಿದ್ದ. ಹೆಂಗಸರು ಜೋಳದ ರೊಟ್ಟಿ ಬಡಿದು ತಂದಿದ್ದರು, ಬದನೆಕಾಯಿ ಪಲ್ಯ ಘಮಘಮಿಸುತ್ತಿತ್ತು. ತೊಗರಿಬೇಳೆ ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ, ಎಷ್ಟು ಉಪಚಾರ ಮಾಡಿದರೂ ಮೆತ್ತಗಾಗಲು ಒಪ್ಪಲಿಲ್ಲ.

ಉಳಿದವರು ಕಾದಾರು. ಆದರೆ ವಿಜಯಪುರದ ಕಡೆಯಿಂದ ಬಂದಿದ್ದ ವಯಸ್ಸಾದ ಬೌದ್ಧ ಭಿಕ್ಕು ಭಂತೇಜಿ, ಮಧ್ಯಾಹ್ನ ಹನ್ನೆರಡು ದಾಟಿದರೆ ಅನ್ನ ಮುಟ್ಟುವವರಲ್ಲ. ಮರುದಿನ ಬೆಳಗಿನವರೆಗೆ ಬರೀ ನೀರು. ಭಿಕ್ಕುವನ್ನು ಉಪವಾಸ ಕೆಡವಿದವನೆಂದು ಊರು ಏಳು ತಲೆಮಾರು ಆಡಿಕೊಂಡೀತು ಎಂದು ಹೆದರಿ ಹರಿಬಾ ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿದ.

"ಬ್ಯಾಳ್ಯಾಗ ಒಂದ್ ಅಡಿಕಿ ಹಾಕೋ ತಮ್ಮಾ, ಮೆತ್ತಗಾಗ್ತದ," ಎಂದಳು ವಿಹಾರದ ಪಕ್ಕದ ಮನೆಯ ಮಲಕವ್ವ, ಗೋಡೆಯ ಮೇಲಿಂದ ಇಣುಕಿ.

ಹಾಕಿದ.

"ಅಡಿಕಿಲೆ ಏನಾಗ್ತದ? ಸೋಡಾ ಹಾಕು," ಎಂದ ನೀರು ಹೊರುತ್ತಿದ್ದ ಧನಾಜಿ.

ಅದನ್ನೂ ಹಾಕಿದ. ನೊರೆ ಉಕ್ಕಿ ಅರ್ಧ ಒಲೆ ಆರಿತು.

"ನಿನ್ನೆನ ನೆನಿ ಹಾಕ್ರಿ ಅಂತ ಬಡ್ಕೊಂಡೆ," ಎಂದಳು ಹೆಂಡತಿ ಮಾಯಕ್ಕ, ಊದುಗೊಳವೆ ಕೈಗೆತ್ತಿಕೊಳ್ಳುತ್ತ. "ನನ್ನ ಮಾತ ಯಾರ್ ಕೇಳ್ಯಾರ?"

ಹರಿಬಾ ವಿಹಾರದ ಒಳಗೆ ಇಣುಕಿದ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಕೂದಲೆಳೆಯಷ್ಟೇ ಬಾಕಿ. ಎಲ್ಲರೂ ಮೊಬೈಲು ಬಂದ್ ಮಾಡಿ ಬುಟ್ಟಿಯಲ್ಲಿಟ್ಟು, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು. ಅವನ ತಲೆಯಲ್ಲೊಂದು ವಿಚಾರ ಹೊಳೆಯಿತು. ಬೆನ್ನಲ್ಲೇ ಹಿಂಜರಿದ. ಬೆಳಿಗ್ಗೆಯಷ್ಟೇ ಸುಳ್ಳು ಹೇಳೆನೆಂದು ಪಂಚಶೀಲದ ಪ್ರತಿಜ್ಞೆ ತೆಗೆದುಕೊಂಡಿದ್ದನಲ್ಲ! 'ಬಾಯಿಂದ ಹೇಳಿದರೆ ಸುಳ್ಳು, ಕೈಯಿಂದ ತಿರುವಿದರೆ ಹ್ಯಾಂಗ ಸುಳ್ಳು?' ಎಂದು ತನ್ನನ್ನೇ ಒಪ್ಪಿಸಿ, ಒಳಹೊಕ್ಕು ಸ್ಟೂಲು ಹತ್ತಿದ. ಸ್ಟೂಲು ಕಿರ್ ಎಂದಿತು. ಯಾರೋ ಕೆಮ್ಮಿದರು. ಆದರೂ ಗಡಿಯಾರದ ಮುಳ್ಳನ್ನು ಅರ್ಧ ತಾಸು ಹಿಂದೆ ತಳ್ಳಿ ಇಳಿದ. ಬುದ್ಧನ ಮೂರ್ತಿ ಅರೆಗಣ್ಣಿನಿಂದ ತನ್ನನ್ನೇ ನೋಡಿದಂತಾಯಿತು.

ಅಷ್ಟರಲ್ಲಿ ಬೇಳೆಯ ಮುನಿಸು ಇಳಿಯಿತು. ಒಗ್ಗರಣೆ ಬಿತ್ತು, ಪಂಕ್ತಿ ಕೂತಿತು. ಭಂತೇಜಿ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಒಂದು ತುತ್ತು ಉಂಡರು. ಗಡಿಯಾರದ ಕಡೆ ನೋಡಿ ನಕ್ಕರು.

"ಹರಿಬಾ, ಸರೀ ಹೊತ್ತಿಗೆ ಉಣ್ಣಾಕ ಹಾಕಿದಿ. ಭಾಳ ಪುಣ್ಯಾ ಬರ್ತದ ನಿನಗ."

ಪುಣ್ಯ ಎಂಬ ಮಾತು ಕಾದ ಸೌಟಿನಂತೆ ಬೆನ್ನಿಗೆ ತಾಕಿತು. ಈ ಮುದುಕರ ವ್ರತ ತನ್ನಿಂದ ಕೆಡುತ್ತಿದೆ! ಎರಡನೆಯ ತುತ್ತು ಮೇಲೆದ್ದದ್ದೇ ತಡ, ಹರಿಬಾ ಸೌಟು ಎಸೆದು ಕಾಲಿಗೆ ಬಿದ್ದ.

"ಉಣಬ್ಯಾಡ್ರಿ ಭಂತೇಜಿ! ಹನ್ನೆರಡು ಆಗಿ ಹೋಗೇತಿ. ಗಡಿಯಾರ ನಾನ ಹಿಂದ ಮಾಡೀನಿ!"

ಭಂತೇಜಿ ತುತ್ತನ್ನು ತಟ್ಟೆಗಿಟ್ಟು, ಎದ್ದು ಕೈ ತೊಳೆದರು. "ಹರಿಬಾ, ಏನ್ ಕೆಲಸ ಮಾಡಿದ್ಯೋ!" ಎಂದು ಓಣಿಗೆ ಓಣಿಯೇ ಅವನ ಮೇಲೆ ಮುಗಿಬಿತ್ತು.

ಆಗಲೇ ವಿಹಾರದ ಹಿರಿಯ ದಾದಾಸಾಹೇಬ ಜತ್ತ ಪೇಟೆಯಿಂದ ಬಾಳೆಹಣ್ಣು ತಂದು ಬೈಕು ನಿಲ್ಲಿಸಿದ. ಸಂಗತಿ ಕೇಳಿ ಹಣೆ ಬಡಿದುಕೊಂಡ.

"ಅಯ್ಯ ಹುಚ್ಚಾ! ನೀ ಯಾವಾಗ್ಲೂ ತಡಾ ಮಾಡ್ತಿ ಅಂತ ಮುಂಜಾನೆ ನಾನ ಗಡಿಯಾರ ಅರ್ಧಾ ತಾಸು ಮುಂದ ಇಟ್ಟಿದ್ನೋ! ನೀ ತಿರುವಿ ಅದನ್ನ ಸರಿ ಮಾಡಿದಿ. ಹನ್ನೆರಡು ಇನ್ನೂ ಆಗೇ ಇಲ್ಲ, ನೋಡು!" ಎಂದು ಮೊಬೈಲು ತೋರಿಸಿದ.

ಹರಿಬಾನಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಕುಂದ್ರಿ ಭಂತೇಜಿ, ಉಣ್ರಿ! ಬಿಸಿ ಬ್ಯಾಳಿ ಹಾಕ್ತೀನಿ!"

ಭಂತೇಜಿ ತಲೆಯಾಡಿಸಿದರು. "ಇಲ್ಲಪ್ಪಾ. ನಾ ದಿನಕ್ಕ ಒಮ್ಮೆ ಮಾತ್ರ ಕುಂತು ಉಣ್ಣಾಂವ. ಎದ್ದ ಮ್ಯಾಲೆ ಮುಗೀತು. ಇನ್ನ ನಾಳೇನ."

ಮಾಯಕ್ಕ ಬೇಳೆಯ ಹಂಡೆಯ ಬಾಯಿ ಮುಚ್ಚುತ್ತ ಗಂಡನತ್ತ ತಿರುಗಿದಳು.

"ಜಲ್ಮದಾಗ ಒಮ್ಮೆ ಖರೆ ಹೇಳಿದ್ರಿ. ಅದನ್ನೂ ಹೊತ್ತಲ್ಲದ ಹೊತ್ತಿನ್ಯಾಗ ಹೇಳಿದ್ರಿ."